ಕೀಮೋಗೆ ಮುಂಚಿನ ಸ್ಕೆಚ್‌ಬುಕ್ ಸಿಕ್ಕಿದೆ, ಆ ಚಿತ್ರಗಳನ್ನ ಈಗ ಮುಂದುವರಿಸಲಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬಿಡಿಸುವುದು ನನ್ನ ಕೆಲಸ. ಕಳೆದ ವರ್ಷ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು, ಆಪರೇಷನ್ ಆಯಿತು, ಆಮೇಲೆ ವಾರಕ್ಕೊಂದರಂತೆ 12 ಸಲ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧಿ. ಅದು ಮುಗಿದು 5 ತಿಂಗಳಾಯಿತು.

ಮೊನ್ನೆ ಕಪಾಟು ಒರೆಸುವಾಗ ಹಳೇ ಸ್ಕೆಚ್‌ಬುಕ್ ಸಿಕ್ಕಿತು. ಅದರಲ್ಲಿ ಒಬ್ಬ ಛತ್ರಿ ರಿಪೇರಿ ಅಜ್ಜ ಇದ್ದಾನೆ. ಅವನು ಸರಿ ಮಾಡಿದ ಛತ್ರಿ ಬಿಚ್ಚಿದರೆ ಅದು ನೆನೆದ ಮಳೆಗಳೆಲ್ಲಾ ಒಳಗಡೆ ಕಾಣುತ್ತವೆ. 9 ಪುಟ ಪೆನ್ಸಿಲಲ್ಲಿ ಮಾಡಿದ್ದೆ. ಹತ್ತನೇ ಪುಟದಲ್ಲಿ ಬರೀ ಅಜ್ಜನ ಕನ್ನಡಕ ಇದೆ, ಮುಖ ಇಲ್ಲ. ಅದನ್ನ ಬಿಡಿಸಿದ ವಾರವೇ ಗಂಟು ಕೈಗೆ ಸಿಕ್ಕಿದ್ದು.

ಮುಂದುವರಿಸೋಣ ಅಂತ ಕೂತೆ. ಆಗಲಿಲ್ಲ. ಬೆರಳ ತುದಿ ಯಾವಾಗಲೂ ಜೋಮು ಹಿಡಿದ ಹಾಗಿದೆ, ತೀರಾ ಸಣ್ಣ ಮೊನೆಯ 0.1 ಪೆನ್ನು ಕಾಗದಕ್ಕೆ ತಾಗಿದ್ದೇ ಗೊತ್ತಾಗುವುದಿಲ್ಲ, ಛತ್ರಿ ಕಡ್ಡಿ ಎಳೆದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಗೆರೆಯೇ ಇಲ್ಲ. ಜೊತೆಗೆ ಮುಂದಿನ ತಿಂಗಳು ಮ್ಯಾಮೊಗ್ರಾಂ ಇದೆ. ಬೆನ್ನು ಸ್ವಲ್ಪ ಹಿಡಿದುಕೊಂಡರೂ ಮತ್ತೆ ಬಂತಾ ಅನ್ನಿಸಿ ರಾತ್ರಿ ನಿದ್ದೆ ಇಲ್ಲ. ಮನೆಯವರ ಹತ್ತಿರ ಎಷ್ಟು ಸಲ ಅಂತ ಹೇಳುವುದು?

ಈ ಜೋಮು ಹೋಗುತ್ತಾ? ಮತ್ತೆ, ಹೀಗೆ ಅರ್ಧಕ್ಕೆ ಬಿಟ್ಟ ಐಡಿಯಾಗೆ ವರ್ಷದ ಮೇಲೆ ಕೈ ಹಾಕಿದವರು ಯಾರಾದರೂ ಇದ್ದೀರಾ?

ಉತ್ತರ 1

ಅಕ್ಕ, ನನಗೂ ಅದೇ ಔಷಧಿ ಕೊಟ್ಟಿದ್ದರು. ಆ ಔಷಧಿಗೆ ಕೈಕಾಲಿನ ನರಗಳಿಗೆ ಪೆಟ್ಟಾಗುವುದು ತುಂಬಾ ಜನರಲ್ಲಿ ಇದೆ. ನಿಧಾನಕ್ಕೆ ಕಮ್ಮಿಯಾಗುತ್ತೆ, ತಿಂಗಳುಗಟ್ಟಲೆ ಬೇಕು, ಕೆಲವರಿಗೆ ಸ್ವಲ್ಪ ಉಳಿದೂಬಿಡುತ್ತೆ. ನನಗೆ ಬಲಗೈ ಹೆಬ್ಬೆರಳಲ್ಲಿ ಇನ್ನೂ ಇದೆ. ಡಾಕ್ಟರಿಗೆ ಖಂಡಿತ ಹೇಳಿ. ಉರಿ, ನೋವು ಇದ್ದರೆ ಡ್ಯುಲಾಕ್ಸೆಟಿನ್ ಅಂತ ಮಾತ್ರೆ ಕೊಡುವುದುಂಟು. ನೀವಾಗೇ ವಿಟಮಿನ್ ಮಾತ್ರೆ ನುಂಗಬೇಡಿ, ಬಿ6 ಜಾಸ್ತಿಯಾದರೆ ಅದೇ ನರಕ್ಕೆ ತೊಂದರೆ ಕೊಡುತ್ತೆ.

ಪೆನ್ಸಿಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ, ಹಿಡಿತ ಸಿಗುತ್ತೆ. ಕಟ್ಟರ್ ಬ್ಲೇಡ್ ಹತ್ತಿರ ಮಾತ್ರ ಹುಷಾರು. ನನಗೆ ಬೆರಳು ಕೊಯ್ದದ್ದು ಕಾಗದದ ಮೇಲೆ ರಕ್ತ ಕಂಡಾಗಲೇ ಗೊತ್ತಾಗಿದ್ದು. ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಕಡೆ ಗಾಯಕ್ಕೆ ಸೋಂಕು ತಗುಲಿ ಕೈ ಊದಿಕೊಳ್ಳಬಹುದು, ಸಣ್ಣ ಗಾಯವನ್ನೂ ತಕ್ಷಣ ತೊಳೆದುಕೊಳ್ಳಿ.

ಉತ್ತರ 2

ಕಾಯಿಲೆ ಬಗ್ಗೆ ನಾನು ಮಾತಾಡಲ್ಲ, ಚಿತ್ರದ ಬಗ್ಗೆ ಹೇಳುತ್ತೇನೆ. ಆ 9 ಪುಟಗಳನ್ನ ಟ್ರೇಸ್ ಮಾಡಬೇಡಿ. ನಾನು 6 ವರ್ಷದ ಹಳೇ ಕೆಲಸಕ್ಕೆ ಹಾಗೆ ಮಾಡಿ ಮೂರು ತಿಂಗಳು ಕಳೆದುಕೊಂಡೆ, ಹಳೇ ಗೆರೆಗೆ ಹೊಂದಿಸುವುದರಲ್ಲೇ ಎಲ್ಲಾ ಹೋಯಿತು. ಒಂದು ಸಲ ನೋಡಿ, ಪುಸ್ತಕ ಮುಚ್ಚಿ, ಎರಡು ದಿನ ಬಿಟ್ಟು ನೆನಪಿನಿಂದ ಬಿಡಿಸಿ. ನೆನಪಲ್ಲಿ ಉಳಿದದ್ದೇ ಐಡಿಯಾ.

0.1 ಪೆನ್ನೇ ಯಾಕೆ ಬೇಕು? ಫ್ರೆಂಚ್ ಚಿತ್ರಕಾರ ಮಾಟಿಸ್‌ಗೆ 1941ರಲ್ಲಿ ಹೊಟ್ಟೆಯ ಕ್ಯಾನ್ಸರಿಗೆ ಆಪರೇಷನ್ ಆಯಿತು. ಆಮೇಲೆ ಜಾಸ್ತಿ ಹೊತ್ತು ನಿಂತು ಪೇಂಟ್ ಮಾಡಲು ಆಗುತ್ತಿರಲಿಲ್ಲ. ಸಹಾಯಕರು ಕಾಗದಕ್ಕೆ ಬಣ್ಣ ಬಳಿದು ಕೊಡುತ್ತಿದ್ದರು, ಅವರು ಗಾಲಿಕುರ್ಚಿಯಲ್ಲೋ ಹಾಸಿಗೆಯಲ್ಲೋ ಕೂತು ಕತ್ತರಿಯಲ್ಲಿ ಆಕಾರ ಕತ್ತರಿಸುತ್ತಿದ್ದರು. ಆ ಕತ್ತರಿ ಕೆಲಸ ನೋಡಿ, ಎಷ್ಟು ಗಟ್ಟಿಯಾಗಿದೆ! ನಿಮ್ಮ ಛತ್ರಿಗೆ ದಪ್ಪ ಬ್ರಷ್ ಚೆನ್ನಾಗಿ ಒಗ್ಗುತ್ತೆ ಅನ್ನಿಸುತ್ತೆ. ಮತ್ತೆ ಆ ‘ನೆನೆದ ಮಳೆ’, ಒದ್ದೆಯಾದದ್ದೂ ಅದೇ, ನೆನಪಾದದ್ದೂ ಅದೇ. ಇದನ್ನ ದಯವಿಟ್ಟು ಬಿಡಬೇಡಿ.

ಉತ್ತರ 3

ಭಯದ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ತಂಗಿಗೆ ಆಗಿತ್ತು, ಈಗ 4 ವರ್ಷ. ಟೆಸ್ಟ್ ಹತ್ತಿರ ಬಂದಾಗ ಮೈಯೆಲ್ಲಾ ಕಣ್ಣಾಗುತ್ತೆ, ಅದು ನಿಮ್ಮೊಬ್ಬರದೇ ಅಲ್ಲ. ಅವಳ ಡಾಕ್ಟರ್ ಹೇಳಿದ್ದು ಇಷ್ಟು: ಹೊಸ ನೋವು ಎರಡು ವಾರವಾದರೂ ಹೋಗಲಿಲ್ಲ ಅಂದರೆ, ಅಥವಾ ದಿನದಿನಕ್ಕೆ ಜಾಸ್ತಿ ಆದರೆ ಬನ್ನಿ. ಹೊಸ ಗಂಟು ಕಂಡರೆ, ಉಸಿರಾಟಕ್ಕೆ ಕಷ್ಟವಾದರೆ ಕಾಯಬೇಡಿ. ಅವಳು ಕ್ಯಾಲೆಂಡರಿನಲ್ಲಿ ನೋವು ಬಂದ ದಿನ ಒಂದು ಚುಕ್ಕೆ ಇಡುತ್ತಾಳೆ. ಬಹಳ ಸಲ ಮೂರ್ನಾಲ್ಕು ಚುಕ್ಕೆಗೇ ನಿಂತಿದೆ. ಮನೆಯವರಿಗೆ ಹೇಳುವುದನ್ನ ನಿಲ್ಲಿಸಬೇಡಿ. ಅವಳು ಸುಮ್ನೆ ಇದ್ದ ರಾತ್ರಿಗಳೇ ನಮಗೆ ಜಾಸ್ತಿ ಕಷ್ಟ ಆಗುತ್ತಿತ್ತು.

ಪ್ರಶ್ನೆ ಕೇಳಿದವರು

ಕೊನೇ ಸಾಲು ಓದಿ ಅತ್ತೆ. ರಾತ್ರಿ ಮನೆಯವರಿಗೆ ಬೆನ್ನಿನ ವಿಷಯ ಹೇಳಿದೆ, ಮೊದಲ ಚುಕ್ಕೆ ಅವರೇ ಇಟ್ಟರು. ಡಾಕ್ಟರ್ ಹತ್ತಿರ ಬೆರಳಿನ ವಿಷಯಕ್ಕೆ ಗುರುವಾರ ಹೋಗುತ್ತಿದ್ದೇನೆ.

ಸ್ಕೆಚ್‌ಬುಕ್ ಮುಚ್ಚಿಟ್ಟು ಇವತ್ತು ದಪ್ಪ ಬ್ರಷ್‌ನಲ್ಲಿ ಅಜ್ಜನನ್ನ ಬಿಡಿಸಿದೆ. ಮುಖ ಬಂತು, ಮೊದಲಿಗಿಂತ ವಯಸ್ಸಾಗಿದೆ. ಛತ್ರಿಯ ಎಂಟು ಕಡ್ಡಿಯಲ್ಲಿ ಒಂದು ಸೊಟ್ಟ ಬಂದಿದೆ, ರಿಪೇರಿಗೆ ಬಂದ ಛತ್ರಿ ಅಲ್ವಾ, ಹಾಗೇ ಬಿಟ್ಟಿದ್ದೇನೆ. ಬ್ರಷ್ ಹೇಳಿದವರೇ, ಒಳಗಿನ ಮಳೆಗೆ ಕಾಗದ ಕತ್ತರಿಸಿ ಅಂಟಿಸಿದರೆ ಪ್ರಿಂಟಿನಲ್ಲಿ ಅಂಚಿನ ನೆರಳು ಬೀಳುತ್ತಾ?