ಕಣದ ಕಾವಲಿಗೆ ಸಾಗಿಸಬಹುದಾದ ಕ್ಯಾಬಿನ್: ಅಡಿಪಾಯ ಎಷ್ಟು ಬೇಕು?

ಪ್ರಶ್ನೆ (ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು):
ಮಾನ್ಯರೇ, ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಒಣಗುವ ಕಣದ ಪಕ್ಕ ರಾತ್ರಿ ಕಾವಲಿಗೆ ಇಬ್ಬರು ಮಲಗುವಂತೆ 8 ಅಡಿ ಅಗಲ, 12 ಅಡಿ ಉದ್ದದ ಕ್ಯಾಬಿನ್ ಕಟ್ಟಿಸಬೇಕೆಂದಿದ್ದೇನೆ. ಆಮೇಲೆ ಅದನ್ನು ಅರ್ಧ ಕಿಲೋಮೀಟರ್ ಆಚೆಯ ಸಸಿ ನರ್ಸರಿಯ ಬಳಿಗೆ ಸಾಗಿಸುವ ಆಲೋಚನೆಯಿದೆ. ಗಾರೆಯವರು 6 ಇಂಚು ಕಾಂಕ್ರೀಟ್ ಹಾಕಲೇಬೇಕೆನ್ನುತ್ತಾರೆ. ಬಡಗಿಯವರು ತೋಟದ್ದೇ ಸಿಲ್ವರ್ ಓಕ್ ದಿಮ್ಮಿ ಎರಡು ಸಾಕೆನ್ನುತ್ತಾರೆ. ಯಾರ ಮಾತು ಕೇಳಲಿ? ಒಳಗಿನ ನೆಲಕ್ಕೆ ಏನು ಹಾಕಿಸಲಿ?

ಉತ್ತರ (ಸಿವಿಲ್ ಎಂಜಿನಿಯರ್, ಹಾಸನ):
ಕಾಂಕ್ರೀಟಿನ ಅಗತ್ಯವಿಲ್ಲ. ಕಬ್ಬಿಣದ ಚೌಕಟ್ಟಿಗೆ ಸಿಮೆಂಟ್ ಬೋರ್ಡ್ ಗೋಡೆ, ಶೀಟಿನ ಮಾಡು ಎಂದಿಟ್ಟುಕೊಂಡರೆ ಜನ, ಸಾಮಾನು ಸೇರಿ ಸುಮಾರು ಒಂದೂವರೆ ಟನ್ ಆದೀತು. ಆರು ಕಡೆ ಹಂಚಿದರೆ ಒಂದೊಂದು ಕಡೆಗೆ 250 ಕೆಜಿ ಮಾತ್ರ. ನಿಮ್ಮ ಗಟ್ಟಿ ಕೆಂಪು ಮಣ್ಣು ಇದರ ಹಲವು ಪಟ್ಟು ಹೊರುತ್ತದೆ. ಸಾಗಿಸುವ ಕ್ಯಾಬಿನ್ನಿಗೆ ನೆಲದಡಿ ಸುರಿಯುವ ಹಣವನ್ನು ಅದರ ತಳದ ಚೌಕಟ್ಟಿಗೆ ಹಾಕಬೇಕು, ಏಕೆಂದರೆ ಕಾಂಕ್ರೀಟು ಕಣದಲ್ಲೇ ಉಳಿಯುತ್ತದೆ, ಚೌಕಟ್ಟು ಜೊತೆಗೆ ಬರುತ್ತದೆ.

ಸಿಲ್ವರ್ ಓಕ್ ದಿಮ್ಮಿಯನ್ನು ದಯವಿಟ್ಟು ಕೈಬಿಡಿ. ಮಣ್ಣಿಗೆ ತಾಗಿದ ಆ ಮರಕ್ಕೆ ನಮ್ಮ ಮಳೆಯಲ್ಲಿ ಬಾಳಿಕೆಯಿಲ್ಲ. ಕುಟ್ಟೆ ಹಿಡಿಯುತ್ತದೆ, ಗೆದ್ದಲು ಉಳಿದದ್ದನ್ನು ಮುಗಿಸುತ್ತದೆ. ಅದರ ಬದಲು 150 ಮಿಲಿಮೀಟರಿನ ಐ ಬೀಮ್ (ಇಂಗ್ಲಿಷಿನ I ಆಕಾರದ ಉಕ್ಕಿನ ತೊಲೆ) ಎರಡನ್ನು ಉದ್ದಕ್ಕೆ, ಆರು ಅಡಿ ಅಂತರದಲ್ಲಿ ಇರಿಸಿ. ಮೀಟರಿಗೆ ಹೆಚ್ಚುಕಡಿಮೆ 15 ಕೆಜಿ ತೂಗುವ ಈ ಬೀಮುಗಳ ಎರಡೂ ತುದಿಯನ್ನು ಓರೆಯಾಗಿ ಕತ್ತರಿಸಿ ಮೂತಿ ಮೇಲಕ್ಕೆತ್ತಿದಂತೆ ಮಾಡಿದರೆ ಎಳೆಯುವಾಗ ಮಣ್ಣಿಗೆ ಕಚ್ಚುವುದಿಲ್ಲ. ಟ್ರ್ಯಾಕ್ಟರಿನ ಸರಪಳಿ ಎರಡೂ ಬೀಮಿಗೆ ಬೀಳಬೇಕು. ಒಂದಕ್ಕೆ ಮಾತ್ರ ಕಟ್ಟಿ ಎಳೆದರೆ ಚೌಕಟ್ಟು ತಿರುಚಿ, ಮರುದಿನ ಬಾಗಿಲು ಹಾಕಿಕೊಳ್ಳುವುದಿಲ್ಲ.

ಜಾಗದಲ್ಲಿ ಮೇಲ್ಮಣ್ಣನ್ನು 6 ಇಂಚು ಕೆರೆದು, ಜಲ್ಲಿ ಹರಡಿ ಧಮ್ಮಸ್ಸು ಮಾಡಿಸಿ. ಪ್ರತಿ ಬೀಮಿನಡಿ ಮೂರು ಕಡೆ 16×8×6 ಇಂಚಿನ ಸಾಲಿಡ್ ಬ್ಲಾಕ್ ಎರಡನ್ನು ಜೋಡಿಸಿ, ಅವುಗಳ ಮೇಲೆ ಅಡ್ಡಲಾಗಿ ಇನ್ನೆರಡನ್ನು ಇಡಿ. ಒಟ್ಟು 24 ಬ್ಲಾಕಿನಲ್ಲಿ ಒಂದಡಿ ಎತ್ತರ ಸಿಗುತ್ತದೆ, ಅಡಿಯಲ್ಲಿ ಗಾಳಿಯಾಡುತ್ತದೆ. ಬ್ಲಾಕಿನ ಮೇಲೆ ಅಂಚು ಕೆಳಕ್ಕೆ ಮಡಿಸಿದ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು ಹಾಕಿದರೆ ಗೆದ್ದಲು ಕಾಣದ ಹಾಗೆ ಹತ್ತಲಾರದು. ಆರೂ ಕಡೆಯ ಮಟ್ಟವನ್ನು ನೀರು ತುಂಬಿದ ಪಾರದರ್ಶಕ ಪೈಪಿನಿಂದ ನೋಡಿ. ಗಾಳಿಗೆ ಜರುಗದಂತೆ ನಾಲ್ಕು ಮೂಲೆಯಲ್ಲೂ ನೆಲಕ್ಕೆ ಕಟ್ಟಿ. (ಆನೆ ಬಂದರೆ ಯಾವ ಅಡಿಪಾಯವೂ ಲೆಕ್ಕಕ್ಕಿಲ್ಲ, ಅದು ಬೇರೆ ವಿಷಯ.)

ಇನ್ನು ಒಳಗಿನ ನೆಲ. ಬೀಮಿನ ಮೇಲೆ ಅಡ್ಡ ತೊಲೆಗಳು 16 ಇಂಚಿಗೊಂದರಂತೆ ಹತ್ತು ಬೇಕು. 18 ಇಂಚಿಗೆ ಹಾಕಿಸಿ ಒಂದೆರಡು ಉಳಿಸೋಣವೆಂದು ಫ್ಯಾಬ್ರಿಕೇಟರ್ ಹೇಳಿದರೆ ಒಪ್ಪಬೇಡಿ: 8×4 ಅಡಿಯ ಹಲಗೆಯ ಅಂಚು ನಾಲ್ಕು ಮತ್ತು ಎಂಟನೆಯ ಅಡಿಗೆ ಬರುತ್ತದೆ, 48 ಇಂಚು 16ರಿಂದ ಭಾಗವಾಗುತ್ತದೆ, 18ರಿಂದ ಆಗುವುದಿಲ್ಲ, ಅಂಚು ಗಾಳಿಯಲ್ಲಿ ಉಳಿಯುತ್ತದೆ. ಹಲಗೆ ಮೂರೇ ಸಾಕು. ಮೊದಲ ಸಾಲಿಗೆ ಒಂದು ಪೂರ್ತಿ, ಒಂದು ಅರ್ಧ. ಎರಡನೆಯ ಸಾಲನ್ನು ಉಳಿದ ಅರ್ಧದಿಂದ ಆರಂಭಿಸಿದರೆ ಸಂದುಗಳು ಒಂದೇ ಗೆರೆಗೆ ಬೀಳುವುದಿಲ್ಲ, ಚೂರೂ ವ್ಯರ್ಥವಾಗುವುದಿಲ್ಲ. ಐಎಸ್ 710 (ಮರೈನ್ ಪ್ಲೈವುಡ್ಡಿನ ಭಾರತೀಯ ಮಾನದಂಡ) ಗುರುತಿನ 18 ಮಿಲಿಮೀಟರ್ ಮರೈನ್ ಪ್ಲೈವುಡ್ ಕೊಳ್ಳಿ; ಕತ್ತರಿಸಿದ ಅಂಚಿಗೆ ಎರಡು ಕೋಟು ಬಣ್ಣ ತಪ್ಪದೆ ಹಚ್ಚಿಸಿ. ಹಲಗೆ ಕೂರಿಸುವ ಮುನ್ನ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಎರಡೂ ಕಡೆ 14 ಅಡಿ 5 ಇಂಚು ಬರಬೇಕು.

ಸಕಲೇಶಪುರದ ಕಡೆ ನಾನೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ತೇವ ಬರಬಾರದೆಂದು ಹಲಗೆಯ ಅಡಿಗೆ ಪ್ಲಾಸ್ಟಿಕ್ ಹಾಳೆ ಬಡಿಸಿದ್ದೆ. ಮೇಲಿನಿಂದ ಒರೆಸಿದ ನೀರು ಸಂದಿನಲ್ಲಿ ಇಳಿದು ಹಾಳೆಯೊಳಗೆ ನಿಂತು, ಎರಡನೆಯ ಮಳೆಗಾಲಕ್ಕೆ ಪ್ಲೈವುಡ್ ಪದರ ಪದರವಾಗಿ ಬಿಟ್ಟುಕೊಂಡಿತು. ಅಡಿಭಾಗ ಉಸಿರಾಡಲಿ.

ಮರುಪ್ರಶ್ನೆ:
ಧನ್ಯವಾದಗಳು ಸರ್. ನೆಲಕ್ಕೆ ಟೈಲ್ಸ್ ಹಾಕಬಹುದೇ? ಮುಂದೆಂದಾದರೂ ಹಾಸನದ ಸೈಟಿಗೆ ಲಾರಿಯಲ್ಲಿ ಒಯ್ಯಲು ಸಾಧ್ಯವೇ?

ಉತ್ತರ:
ಟೈಲ್ಸ್ ಬೇಡ, ಎಳೆಯುವಾಗ ಚೌಕಟ್ಟು ಸ್ವಲ್ಪ ಬಳುಕಿಯೇ ಬಳುಕುತ್ತದೆ, ಟೈಲ್ಸ್ ಬಿರುಕು ಬಿಡುತ್ತದೆ. ವಿನೈಲ್ ಹಾಸು ಸಾಕು. ಲಾರಿಯ ವಿಚಾರದಲ್ಲಿ, ಮೋಟಾರು ವಾಹನ ನಿಯಮಗಳು ವಾಹನಕ್ಕೆ ಒಪ್ಪುವ ಒಟ್ಟು ಅಗಲ 2.6 ಮೀಟರ್. ನಿಮ್ಮ 8 ಅಡಿ ಎಂದರೆ 2.44 ಮೀಟರ್, ಉಳಿಯುವುದು 16 ಸೆಂಟಿಮೀಟರ್. ಮಳೆನೀರು ಗೋಡೆಗೆ ಎರಚದಂತೆ ಮಾಡಿನ ಅಂಚನ್ನು ಎರಡಡಿ ಚಾಚಿಸುವುದು ಇಲ್ಲಿ ಅನಿವಾರ್ಯವಾದ್ದರಿಂದ, ಎರಡೂ ಪಕ್ಕದ ಚಾಚನ್ನು ಬೆಸುಗೆ ಹಾಕಿಸದೆ ಬೋಲ್ಟಿನಲ್ಲಿ ಕೂರಿಸಿ, ಹೊರಡುವ ದಿನ ಬಿಚ್ಚಿಕೊಳ್ಳಿ.