ಶನಿಗ್ರಹದ ಪಟ್ಟಣಕ್ಕೆ ಕರೆಂಟು ಸಾಲುತ್ತಿಲ್ಲ, ಎಂತ ಮಾಡುವುದು?

ಬದಿಯಡ್ಕದ ಕತೆಗಾರ:
ನಮಸ್ಕಾರ. ನನ್ನ ಕಾದಂಬರಿಯಲ್ಲಿ ಹತ್ತು ಲಕ್ಷ ಜನ ಶನಿಯನ್ನು ಸುತ್ತುವ ಕೃತಕ ಪಟ್ಟಣದಲ್ಲಿದ್ದಾರೆ. ಬೆಳೆ, ಗಾಳಿ, ಕಾರ್ಖಾನೆ ಎಲ್ಲ ಸೇರಿ ತಲೆಗೆ 10 ಕಿಲೋವ್ಯಾಟ್, ಒಟ್ಟು 10 ಗಿಗಾವ್ಯಾಟ್ ಬೇಕು. ಸೋಲಾರ್ ಇಟ್ಟು ಲೆಕ್ಕ ಹಾಕಿದೆ. ಭೂಮಿಯ ಹತ್ತಿರ ಚದರ ಮೀಟರಿಗೆ 1361 ವ್ಯಾಟ್ ಇರುವ ಬಿಸಿಲು ಶನಿಯಲ್ಲಿ 15ಕ್ಕೆ ಇಳಿಯುತ್ತದೆ. ಶೇ. 20 ದಕ್ಷತೆಯ ಪ್ಯಾನೆಲಾದರೆ ಸುಮಾರು 3300 ಚದರ ಕಿ.ಮೀ., ಅಂದರೆ ನಮ್ಮ ಕಾಸರಗೋಡು ಜಿಲ್ಲೆಯ ಒಂದೂವರೆ ಪಟ್ಟಿಗೂ ಹೆಚ್ಚು! ಆಂಟಿಮ್ಯಾಟರ್‌ಗೆ (ಮಾಮೂಲಿ ವಸ್ತುವಿಗೆ ತಾಗಿದರೆ ಎರಡೂ ಅಳಿದು ಶಕ್ತಿಯಾಗುವ ಪ್ರತಿವಸ್ತು) ಬದಲಿಸಿದರೆ ಆದೀತಾ?

ಪೆರ್ಲದ ಮಾಷ್ಟ್ರು:
ಆಗುವುದಿಲ್ಲ. ಆಂಟಿಮ್ಯಾಟರ್‌ಗೆ ಗಣಿ ಇಲ್ಲ, ತಯಾರಿಸಿಯೇ ಆಗಬೇಕು. ಒಂದು ಗ್ರಾಂ ಆಂಟಿಮ್ಯಾಟರ್ ಒಂದು ಗ್ರಾಂ ಮಾಮೂಲಿ ವಸ್ತುವಿನೊಡನೆ ಸೇರಿದರೆ 5 ಕೋಟಿ ಯೂನಿಟ್ ಸಿಗುತ್ತದೆ, ನಿಜ. ಆದರೆ ತಯಾರಿಸಲು ಅದಕ್ಕಿಂತ ಜಾಸ್ತಿ ಸುರಿಯಬೇಕು. ಅದು ಬ್ಯಾಟರಿ, ಮೂಲವಲ್ಲ.

ನೀವು ಸಮ್ಮಿಳನಕ್ಕೆ (ಹಗುರ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ತೆಗೆಯುವುದು) ಹೋಗಿ. ಡ್ಯುಟೀರಿಯಂ-ಟ್ರಿಟಿಯಂ (ಎರಡೂ ಭಾರದ ಹೈಡ್ರೋಜನ್) ಸುಲಭದ್ದು, ಆದರೆ ಟ್ರಿಟಿಯಂನ ಅರ್ಧಾಯು (ಅರ್ಧ ಭಾಗ ಕ್ಷಯಿಸುವ ಕಾಲ) 12.3 ವರ್ಷ ಮಾತ್ರ, ಲಿಥಿಯಂನಿಂದ ಹುಟ್ಟಿಸುತ್ತಲೇ ಇರಬೇಕು. ಶಕ್ತಿಯ ಶೇ. 80 ನ್ಯೂಟ್ರಾನ್‌ಗಳ ಪಾಲು; ವಿದ್ಯುದಾವೇಶ ಇಲ್ಲದ ಅವು ಇಂಧನವನ್ನು ಹಿಡಿದಿಡುವ ಕಾಂತಕ್ಷೇತ್ರಕ್ಕೆ ಬಗ್ಗದೆ ರಿಯಾಕ್ಟರಿನ ಗೋಡೆಯನ್ನೇ ತಿನ್ನುತ್ತವೆ. ಡ್ಯುಟೀರಿಯಂ-ಹೀಲಿಯಂ-3 (ಹಗುರ ಜಾತಿಯ ಹೀಲಿಯಂ) ಆದರೆ ಹೆಚ್ಚಿನ ಶಕ್ತಿ ವಿದ್ಯುದಾವೇಶದ ಕಣಗಳಲ್ಲಿ ಬರುತ್ತದೆ, ನೇರ ಕರೆಂಟು ಮಾಡಬಹುದು. ಅದಕ್ಕೆ ಇನ್ನೂ ಹೆಚ್ಚು ತಾಪ ಬೇಕು, ಸ್ವಲ್ಪ ನ್ಯೂಟ್ರಾನ್ ಆಗಲೂ ಉಂಟು. ಡ್ಯುಟೀರಿಯಂ, ಹೀಲಿಯಂ-3 ಎರಡೂ ಶನಿಯ ವಾತಾವರಣದಲ್ಲೇ ಇವೆ, ಹಾಗಾಗಿ ನಿಮ್ಮ ಜನ ಅಲ್ಲಿ ಊರು ಕಟ್ಟಿದ್ದಕ್ಕೇ ಕಾರಣ ಸಿಕ್ಕಿತು. ಕತೆಗೆ ಇದಕ್ಕಿಂತ ಒಳ್ಳೆಯದು ಬೇರೆ ಬೇಡ.

ಮಂಜೇಶ್ವರದ ಎಂಜಿನಿಯರ್:
ಮಾಷ್ಟ್ರು ಹೇಳಿದ್ದು ಸರಿ. ಆದರೆ ಬಿಸಿಯನ್ನು ಎಲ್ಲಿ ಬಿಡುತ್ತೀರಿ? ಬಳಸಿದ 10 ಗಿಗಾವ್ಯಾಟೂ ಕೊನೆಗೆ ಶಾಖವೇ. ಬಾಹ್ಯಾಕಾಶದಲ್ಲಿ ಗಾಳಿಯೂ ಇಲ್ಲ, ನೀರೂ ಇಲ್ಲ, ವಿಕಿರಣವೊಂದೇ ದಾರಿ. ಕೋಣೆಯ ತಾಪದ ರೇಡಿಯೇಟರ್ (300 ಕೆಲ್ವಿನ್) ಚದರ ಮೀಟರಿಗೆ ಸುಮಾರು 460 ವ್ಯಾಟ್ ಹೊರಹಾಕುತ್ತದೆ. ಎರಡೂ ಮುಖ ಲೆಕ್ಕಕ್ಕೆ ಹಿಡಿದರೂ 11 ಚದರ ಕಿ.ಮೀ. ಬೇಕು. ರಿಯಾಕ್ಟರಿನ ಸ್ವಂತ ಶಾಖ ಬೇರೆ. ಅದನ್ನು 1000 ಕೆಲ್ವಿನ್‌ನಲ್ಲಿ ಬಿಟ್ಟರೆ ಚದರ ಮೀಟರಿಗೆ 56 ಕಿಲೋವ್ಯಾಟ್ ಹೋಗುತ್ತದೆ, ಸಣ್ಣ ರೇಡಿಯೇಟರ್ ರೆಕ್ಕೆ ಸಾಕು.

ಬದಿಯಡ್ಕದ ಕತೆಗಾರ:
ಹಾಗಾದರೆ ವೈರಿಯಿಂದ ಪಟ್ಟಣ ಅಡಗಿಕೊಳ್ಳುವ ಅಧ್ಯಾಯ?

ಮಂಜೇಶ್ವರದ ಎಂಜಿನಿಯರ್:
ಅಡಗಲಿಕ್ಕಾಗದು, ಆ ರೆಕ್ಕೆಗಳು ಇನ್‌ಫ್ರಾರೆಡ್‌ನಲ್ಲಿ (ಬಿಸಿ ವಸ್ತು ಸೂಸುವ, ಕಣ್ಣಿಗೆ ಕಾಣದ ಬೆಳಕು) ಬಹಳ ದೂರಕ್ಕೆ ಕಾಣುತ್ತವೆ. ರೆಕ್ಕೆ ಮಡಚಿ, ರಿಯಾಕ್ಟರ್ ನಿಲ್ಲಿಸಿ, ಮಂಜುಗಡ್ಡೆಯ ದಾಸ್ತಾನಿಗೆ ಶಾಖ ಸುರಿಯಲಿ. ಮಂಜು ಕರಗಿ ಬಿಸಿಯಾಗುವವರೆಗೆ ಸಮಯ ಉಂಟು. ಮಂಜು ಎಷ್ಟು ಟನ್ ಎಂದು ಮೊದಲೇ ನಿಗದಿ ಮಾಡಿ, ಆ ಅಧ್ಯಾಯದ ಗಡಿಯಾರ ಅದರಿಂದಲೇ ನಡೆಯಲಿ.

ಪೆರ್ಲದ ಮಾಷ್ಟ್ರು:
ತುರ್ತು ದೋಣಿಗೆ ತಾನಾಗಿಯೇ ಕ್ಷಯಿಸುತ್ತ ಬಿಸಿ ಕೊಡುವ ಪ್ಲುಟೋನಿಯಂ-238 ಇಡಿ. ಅರ್ಧಾಯು 87.7 ವರ್ಷ. 1977ರಲ್ಲಿ ಹಾರಿದ ವಾಯೇಜರ್ ಬಾಹ್ಯಾಕಾಶ ನೌಕೆಗಳಿಗೆ ಇಷ್ಟು ಕಾಲ ಕರೆಂಟು ಕೊಟ್ಟದ್ದು ಅದೇ. ಸಿಗುವುದು ಕೆಲವು ನೂರು ವ್ಯಾಟ್, ರೇಡಿಯೋಗೆ ಸಾಕು.