ಕಥೆಯ ರಾಜಕುಮಾರಿಯಾಗಲು ಮೊದಲು ಏನು: ಗೌನೋ, ನಡಿಗೆಯೋ?

ಮಿಣುಕುಹುಳ:
ವೇದಿಕೆಗೆ ಇನ್ನು ಆರು ವಾರ. ಪಾತ್ರ ಅಜ್ಜಿಕಥೆಯ ರಾಜಕುಮಾರಿಯದು. ಅಗಲ ಲಂಗದ ಗೌನ್, ಕಿರೀಟ, ಮೊಣಕೈ ದಾಟುವ ಗ್ಲೌಸ್, ಮೆಟ್ಟಿಲಿಳಿದು ಬಂದು ಒಂದು ಕರ್ಟ್ಸಿ (ಮಂಡಿ ಮಡಚಿ ಮಾಡುವ ವಂದನೆ), ಆಮೇಲೆ ಮಕ್ಕಳ ಜೊತೆ ಫೋಟೊ. ಮೊದಲು ಗೌನ್ ಸಿದ್ಧಮಾಡಬೇಕಾ, ನಡಿಗೆ ಕಲಿಯಬೇಕಾ? ತಲೆ ಮೇಲೆ ಪುಸ್ತಕ ಇಟ್ಟುಕೊಂಡು ನಡೆಯುವುದರಿಂದ ಪ್ರಯೋಜನ ಇದೆಯಾ?

ನೆಟ್ಟಬೆನ್ನು:
ನಡಿಗೆ ಮೊದಲು, ಎರಡು ಮಾತಿಲ್ಲ. ಭುಜ ಕುಗ್ಗಿಸಿ ನಿಂತವರ ಮೇಲೆ ಎಷ್ಟು ಮೀಟರ್ ಸ್ಯಾಟಿನ್ ಸುರಿದರೂ ಅದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದ ಕಥೆಯೇ.

ಪುಸ್ತಕ ಬೇಡ. ಅದು ಬೀಳಬಾರದು ಅಂತ ಕುತ್ತಿಗೆ ಬಿಗಿಯಾಗುತ್ತೆ, ಗಲ್ಲ ಮೇಲೇಳುತ್ತೆ, ಕಣ್ಣು ಒಂದೇ ಕಡೆ ನೆಡುತ್ತೆ. ನೋಡುವವರಿಗೆ ಕತ್ತು ಉಳುಕಿದವಳ ಹಾಗೆ ಕಾಣ್ತೀರಿ. ಅದರ ಬದಲು ಗೋಡೆ ಹಿಡಿಯಿರಿ. ಹಿಮ್ಮಡಿ ಗೋಡೆಯಿಂದ 5 ಸೆಂ.ಮೀ. ಮುಂದಿರಲಿ, ಪೃಷ್ಠ, ಭುಜದ ಮೂಳೆ, ತಲೆಯ ಹಿಂಭಾಗ ಗೋಡೆಗೆ ತಾಗಲಿ. ಸೊಂಟದ ಹಿಂದೆ ಅಂಗೈ ಮಾತ್ರ ತೂರಬೇಕು. ಮುಷ್ಟಿ ತೂರಿದರೆ ಎದೆ ಉಬ್ಬಿಸಿದ್ದೀರಿ ಅಂತ ಅರ್ಥ, ಪಕ್ಕೆಲುಬು ಇಳಿಸಿ. ಎರಡು ನಿಮಿಷ ನಿಂತು, ಅದೇ ನಿಲುವಿನಲ್ಲಿ ಹತ್ತು ಹೆಜ್ಜೆ ನಡೆಯಿರಿ. ದಿನಕ್ಕೆ ಐದಾರು ಸಲ ಸಾಕು.

ಸೂಜಿದಾರ:
ಗೋಡೆಯ ಮಾತು ಒಪ್ಪಿದೆ. ಆದರೆ ಪ್ಯಾಂಟಿನಲ್ಲಿ ಕಲಿತ ನಡಿಗೆ ಹೂಪಿನೊಳಗೆ, ಅಂದರೆ ಲಂಗವನ್ನು ಅಗಲವಾಗಿ ಹಿಡಿಯುವ ಬಳೆಗಳ ಚೌಕಟ್ಟಿನೊಳಗೆ, ಹೊಕ್ಕ ಕೂಡಲೇ ಕೈಕೊಡುತ್ತೆ. ಕೆಳಗಿನ ಬಳೆಯ ಸುತ್ತಳತೆ 300 ಸೆಂ.ಮೀ. ಇದ್ದರೆ ಅಡ್ಡಗಲ ಸುಮಾರು 95 ಸೆಂ.ಮೀ. ಹಿಮ್ಮಡಿ ಕುಟ್ಟಿ ನಡೆದರೆ ಇಡೀ ಲಂಗ ಗಂಟೆಯ ಹಾಗೆ ತೂಗಾಡುತ್ತೆ, ಕಾಲುಚೀಲ ಊರಿಗೆಲ್ಲ ಕಾಣುತ್ತೆ. ಪಾದ ನೆಲ ಬಿಡದಷ್ಟು ತಗ್ಗಿಸಿ, ಹೆಜ್ಜೆ ಚಿಕ್ಕದಾಗಿಸಿದರೆ ಮಾತ್ರ ತೇಲಿದ ಹಾಗೆ ಇರುತ್ತೆ. ಇದನ್ನು ಹೂಪೇ ಕಲಿಸಬೇಕು. ಹಾಗಾಗಿ ಗೌನ್ ಕೊನೆಗೆ ಬರಲಿ. ಹೂಪ್, ಒಳಲಂಗ, ಶೂ ಈ ಮೂರು ಮೊದಲ ವಾರವೇ ಕೈಗೆ ಸಿಗಬೇಕು.

ಅಳತೆ ಬರೆದುಕೊಳ್ಳಿ. ಹೂಪಿನ ಕೊನೆಯ ಬಳೆ ನೆಲದಿಂದ 5ರಿಂದ 8 ಸೆಂ.ಮೀ. ಮೇಲೆ, ಗೌನಿನ ಅಂಚು 2ರಿಂದ 3 ಸೆಂ.ಮೀ. ಮೇಲೆ, ಎರಡನ್ನೂ ಶೂ ಹಾಕಿಯೇ ಅಳೆಯಬೇಕು. ಹೂಪಿನ ಮೇಲೆ ನೇರವಾಗಿ ಸ್ಯಾಟಿನ್ ಬಿಟ್ಟರೆ ಬಳೆಗಳ ಗೆರೆ ಎದ್ದು ಕಾಣುತ್ತೆ, ಲ್ಯಾಂಪಿನ ಮುಸುಕಿನ ಹಾಗೆ. ನಡುವೆ ಟ್ಯೂಲ್ (ತೆಳು ಬಲೆಬಟ್ಟೆ) ಒಳಲಂಗ ಬೇಕೇ ಬೇಕು. ಅದು ಮೂರು ಅಂತಸ್ತಿನದು, ಪ್ರತಿ ಅಂತಸ್ತು ಮೇಲಿನದರ ಎರಡರಷ್ಟು: 150, 300, 600 ಸೆಂ.ಮೀ.

ಗೌನಿನ ಲಂಗ ಪೂರ್ಣ ವೃತ್ತದ್ದಾದರೆ, ನಡುವಿನ ಸೊಂಟದ ತೂತಿನ ತ್ರಿಜ್ಯಕ್ಕೆ ಸೊಂಟದ ಸುತ್ತಳತೆಯನ್ನು 6.28ರಿಂದ ಭಾಗಿಸಿ. ಸೊಂಟ 72 ಸೆಂ.ಮೀ. ಇದ್ದರೆ ತ್ರಿಜ್ಯ 11.5 ಸೆಂ.ಮೀ. ಎಷ್ಟೋ ಜನ 3.14ರಿಂದ ಭಾಗಿಸಿ, ಇಬ್ಬರು ಹಿಡಿಸುವ ತೂತು ಕತ್ತರಿಸಿಬಿಡುತ್ತಾರೆ! ಹೊಲಿದ ಮೇಲೆ ಒಂದು ದಿನ ತೂಗುಹಾಕಿ, ಆಮೇಲೆ ಅಂಚು ಮಡಿಸಿ. ಬಟ್ಟೆಯ ಓರೆ ಎಳೆ ಬಂದ ಕಡೆ ಜಗ್ಗಿ ಇಳಿದಿರುತ್ತೆ.

ಹಳೇಪುಟ:
ಒಂದು ತಕರಾರು. ಎಲ್ಲರೂ "ಅಜ್ಜಿಕಥೆಯ ಗೌನ್" ಅಂತಿದ್ದೀರಿ, ಆದರೆ ಈ ಗಂಟೆಯಾಕಾರ ಆ ಕಥೆಗಳ ಕಾಲದ್ದಲ್ಲ. ಫ್ರೆಂಚ್ ಲೇಖಕ ಪೆರೋ ಗಾಜಿನ ಪಾದರಕ್ಷೆಯ ಸಿಂಡ್ರೆಲಾ ಕಥೆ ಪ್ರಕಟಿಸಿದ್ದು 1697ರಲ್ಲಿ. 18ನೇ ಶತಮಾನದ ಆಸ್ಥಾನದ ಲಂಗ ಎರಡೂ ಪಕ್ಕಕ್ಕೆ ಅಗಲ, ಹಿಂದೆ ಮುಂದೆ ಚಪ್ಪಟೆ. ಉಕ್ಕಿನ ಬಳೆಗಳ ಹೂಪಿಗೆ, ಅಂದರೆ ಕ್ರಿನೊಲಿನ್‌ಗೆ, ಪೇಟೆಂಟ್ ಸಿಕ್ಕಿದ್ದು 1856ರಲ್ಲಿ. ಕಣ್ಮುಂದೆ ಬರುವ ರಾಜಕುಮಾರಿ ಹಾಗಾಗಿ 19ನೇ ಶತಮಾನದ ನಡುಭಾಗದವಳು.

ನೆಟ್ಟಬೆನ್ನು:
ಅದರಿಂದ ನಡಿಗೆಗೆ ಏನಾಗಬೇಕು?

ಹಳೇಪುಟ:
ನಡಿಗೆಗಿಂತ ಕೈಗೆ. ಆ ಕಾಲದ ತೋಳಿನ ಹೊಲಿಗೆ ಭುಜದ ಮೇಲಲ್ಲ, ತೋಳಿನ ಮೇಲೆ ಇಳಿದು ಕೂರುತ್ತೆ. ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಲು ಹೋದರೆ ಇಡೀ ಬಾಡಿಸ್ (ಗೌನಿನ ಸೊಂಟದ ಮೇಲಿನ ಭಾಗ) ಮೇಲೇಳುತ್ತೆ. ಹಾಗಾಗಿ ಕೈಬೀಸುವುದು ಮೊಣಕೈಯಿಂದ ಕೆಳಗೆ ಮಾತ್ರ. ಅದನ್ನು ಬರೀ ಗತ್ತು ಅಂದುಕೊಳ್ಳಬೇಡಿ, ಬಟ್ಟೆಯ ಬಲವಂತವೂ ಹೌದು. ಇನ್ನೊಂದು: ಅಂದಿನ ಅಗಲ ಲಂಗಗಳಿಗೆ ಬೆಂಕಿ ತಗುಲಿ ಎಷ್ಟೋ ಹೆಂಗಸರು ಸತ್ತರು. ಲಂಗದ ಅಂಚು ಎಲ್ಲಿದೆ ಅನ್ನುವುದು ತೊಟ್ಟವರಿಗೆ ಗೊತ್ತಾಗುವುದಿಲ್ಲ. ದೃಶ್ಯದಲ್ಲಿ ಮೇಣದಬತ್ತಿ ಇದ್ದರೆ ಬ್ಯಾಟರಿಯದೇ ಇರಲಿ.

ತೆರೆಮರೆ:
ಗೌನ್ ಮೊದಲಾ ನಡಿಗೆ ಮೊದಲಾ ಅಂತ ಜಗ್ಗಾಡುವುದರಲ್ಲಿ ವೇದಿಕೆಯಲ್ಲಿ ಕೆಡುವ ಜಾಗಗಳನ್ನೇ ಬಿಟ್ಟಿರಿ: ಕುರ್ಚಿ, ಬಾಗಿಲು, ಮೆಟ್ಟಿಲು.

ಹೂಪಿನ ಮೇಲೆ ನೇರ ಕುಳಿತರೆ ಮುಂಭಾಗ ಮುಖಕ್ಕೇ ಹಾರುತ್ತೆ. ಕುಳಿತುಕೊಳ್ಳುವ ಮುನ್ನ ಹಿಂದಿನ ಬಳೆಗಳನ್ನು ಎರಡೂ ಕೈಯಿಂದ ಸ್ವಲ್ಪ ಎತ್ತಿ, ಬಳೆ ಕುರ್ಚಿಗೂ ನಿಮಗೂ ನಡುವೆ ಸಿಕ್ಕಿಕೊಳ್ಳದ ಹಾಗೆ ಕುರ್ಚಿಯ ಅಂಚಿನಲ್ಲಿ ಮಾತ್ರ ಕುಳಿತುಕೊಳ್ಳಿ. ಕೈಯಿರುವ ಕುರ್ಚಿ ಬೇಡವೇ ಬೇಡ. ಬಾಗಿಲಲ್ಲಿ ಅಡ್ಡ ತಿರುಗಿ ಪ್ರಯೋಜನವಿಲ್ಲ, ಲಂಗ ದುಂಡಗಿದೆಯಲ್ಲ. ಎರಡೂ ಪಕ್ಕದ ಬಳೆಯನ್ನು ಒಳಕ್ಕೆ ಒತ್ತಿ ಮೊಟ್ಟೆಯಾಕಾರ ಮಾಡಿ ದಾಟಿ.

ಮೆಟ್ಟಿಲು ಹತ್ತುವಾಗ ತುಳಿಯುವುದು ಮುಂದಿನ ಅಂಚನ್ನು. ಇಳಿಯುವಾಗ ಅಪಾಯ ಬೇರೆ: ಮೆಟ್ಟಿಲೇ ಕಾಣುವುದಿಲ್ಲ. ತೊಡೆಯ ಮಧ್ಯದ ಮಟ್ಟದಲ್ಲಿ ಎರಡೂ ಕಡೆ ಒಂದೊಂದು ಹಿಡಿ ಬಟ್ಟೆ ಹಿಡಿದು 5ರಿಂದ 8 ಸೆಂ.ಮೀ. ಎತ್ತಿ, ಮೆಟ್ಟಿಲಿನ ತುದಿಯನ್ನು ಕಾಲ್ಬೆರಳಿನಿಂದ ಹುಡುಕಿ. ದೃಷ್ಟಿ ಎದುರಿಗೇ. ನಾಲ್ಕು ಬೆರಳಲ್ಲಿ ಚಿಟಿಕೆ ಹಿಡಿದ ಹಾಗೆ ಎತ್ತಿದರೆ ಹೂಪ್ ಓರೆಯಾಗಿ ಒಂದು ಪಕ್ಕ ತೆರೆದುಕೊಳ್ಳುತ್ತೆ, ಹಿಡಿ ತುಂಬ ಹಿಡಿಯಿರಿ.

ಮಿಣುಕುಹುಳ:
ಕರ್ಟ್ಸಿಯಲ್ಲಿ ಏಳುವಾಗ ತೂರಾಡುತ್ತಿದೆ. ನೆಲ ಜಾರುತ್ತೆ ಅಂತ ಅಂದುಕೊಂಡೆ.

ನೆಟ್ಟಬೆನ್ನು:
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ 🙂 ಭಾರ ಹಿಂದಿನ ಕಾಲಿಗೆ ಹೋಗುತ್ತಿದೆ. ಮುಕ್ಕಾಲು ಭಾರ ಮುಂದಿನ ಕಾಲಿನ ಮೇಲಿರಲಿ, ಹಿಂದಿನ ಪಾದದ ಮುಂಭಾಗವಷ್ಟೇ ನೆಲಕ್ಕೆ ತಾಗಲಿ, ಅಂತರ 25 ಸೆಂ.ಮೀ. ಆಸುಪಾಸು. ಮಂಡಿ ಹೊರಮುಖವಾಗಿ ಮಡಚಲಿ. ಮೂರು ಎಣಿಸಿ ಇಳಿಯಿರಿ, ಒಂದು ನಿಲ್ಲಿ, ಮೂರು ಎಣಿಸಿ ಏಳಿ. ಸೊಂಟದಿಂದ ಬಾಗಬೇಡಿ, ತಲೆ ಮಾತ್ರ ಕೊನೆಯಲ್ಲಿ ಚೂರು ತಗ್ಗಲಿ. ಮಂಡಿ ನೆಲ ಮುಟ್ಟುವ ಆಳಕ್ಕೆ ಆರು ವಾರ ಸಾಲದು. ಅರ್ಧಕ್ಕೆ ನಿಂತರೂ ಲಂಗ ಅಡಿಯಲ್ಲಿ ಹರಡಿಕೊಂಡು ಆಳವಾಗಿಯೇ ಕಾಣುತ್ತೆ.

ಸೂಜಿದಾರ:
ಒಂದು ಸೇರಿಸ್ತೀನಿ. ಕಾಲನ್ನು ನೇರ ಹಿಂದಕ್ಕೆ ಎಳೆದರೆ ಹಿಮ್ಮಡಿ ಟ್ಯೂಲಿಗೆ ಸಿಕ್ಕಿಕೊಳ್ಳುತ್ತೆ. ಹೊರಗಿನಿಂದ ಅರ್ಧಚಂದ್ರ ಬರೆದು ಹಿಂದಕ್ಕೆ ಒಯ್ಯಿರಿ, ಪಾದವೇ ಒಳಲಂಗವನ್ನು ಸರಿಸಿಕೊಳ್ಳುತ್ತೆ. ಇದೂ ಲಂಗ ಇಲ್ಲದೆ ಕಲಿಯುವ ವಿದ್ಯೆಯಲ್ಲ, ಗಮನಿಸಿ.

ನೆಟ್ಟಬೆನ್ನು:
ಗಮನಿಸಿದೆ. ಎರಡನೇ ವಾರದಿಂದ ಹೂಪ್ ಅಂದರೆ ಒಪ್ಪಿದೆ, ಮೊದಲ ದಿನದಿಂದ ಅಲ್ಲ. ಲಂಗದೊಳಗೆ ತಪ್ಪು ಕಾಣುವುದಿಲ್ಲ, ಹಾಗೇ ಗಟ್ಟಿಯಾಗಿಬಿಡುತ್ತೆ.

ಮಿಣುಕುಹುಳ:
ಬಾಡಿಸ್ ಜಾರುತ್ತೆ ಅಂತ ಭಯ. ಭುಜಪಟ್ಟಿ ಇಲ್ಲದ್ದು.

ಸೂಜಿದಾರ:
ಜಾರುವುದು ಲಂಗದ ಭಾರ ಬಾಡಿಸಿಗೆ ನೇತುಬಿದ್ದಾಗ. ಹೂಪಿಗೂ ಒಳಲಂಗಕ್ಕೂ ಅವುಗಳದೇ ಸೊಂಟಪಟ್ಟಿ ಇರಲಿ. ಬಾಡಿಸಿನ ಒಳಗೆ ಸೊಂಟದ ಮಟ್ಟದಲ್ಲಿ ಹಿಗ್ಗದ ಗಟ್ಟಿ ರಿಬ್ಬನ್ ಹೊಲಿದು, ಜಿಪ್ ಏರಿಸುವ ಮುನ್ನ ಅದನ್ನು ಕೊಕ್ಕೆ ಹಾಕಿ ಬಿಗಿಯಿರಿ. ಸೊಂಟ ಬಿಗಿಯುವ ಒಳಉಡುಪು, ಕಾರ್ಸೆಟ್, ಹಾಕುವುದಾದರೆ ಸೊಂಟ 5 ಸೆಂ.ಮೀ.ಗಿಂತ ಹೆಚ್ಚು ಕುಗ್ಗಿಸಬೇಡಿ. ಉದ್ದನೆಯ ವಾಕ್ಯ ಒಂದೇ ಉಸಿರಿಗೆ ಬರದಿದ್ದರೆ ಸಡಿಲಿಸಿ.

ತೆರೆಮರೆ:
ಕಿರೀಟ ಯಾರೂ ಮುಟ್ಟಲಿಲ್ಲ. ಆಗತಾನೇ ತೊಳೆದ ನುಣುಪು ಕೂದಲಲ್ಲಿ ಅದು ನಿಲ್ಲುವುದಿಲ್ಲ. ಕಿರೀಟ ಕೂರುವ ಜಾಗದಲ್ಲಿ ಎರಡು ತೆಳು ಜಡೆಗಳನ್ನು ತಲೆಗೆ ಅಂಟಿಸಿ ಹಾಕಿ, ಕಿರೀಟದ ತಂತಿಗೆ ಕೂದಲ ಬಣ್ಣದ ವೆಲ್ವೆಟ್ ರಿಬ್ಬನ್ ಸುತ್ತಿ, ಪಿನ್ನುಗಳನ್ನು ಗುಣಾಕಾರದ ಚಿಹ್ನೆಯಂತೆ ಅಡ್ಡಡ್ಡ ಚುಚ್ಚಿ. ಪಿನ್ನಿನ ಅಲೆಯಿರುವ ಬದಿ ನೆತ್ತಿಯ ಕಡೆಗೆ. ಕಿರೀಟ ಚೂರು ಮುಂದಕ್ಕೆ ವಾಲಿರಲಿ. ಹಿಂದಕ್ಕೆ ತಳ್ಳಿದರೆ ಹೇರ್‌ಬ್ಯಾಂಡ್ ಅಷ್ಟೇ.

ಮಕ್ಕಳ ವಿಷಯ. ಅವರ ಕಡೆ ಬಾಗಬೇಡಿ, ಕುಸಿಯಿರಿ: ಬೆನ್ನು ನೇರ ಇಟ್ಟು ನೆಟ್ಟಗೆ ಇಳಿದರೆ ಬಳೆಗಳು ಒಂದರ ಮೇಲೊಂದು ಮಡಚಿ ಕೂರುತ್ತವೆ. ಅಪ್ಪುಗೆಗೆ ಮಗುವೇ ಮುಂದಾಗಲಿ, ಫೋಟೊದಲ್ಲಿ ನಿಮ್ಮ ಎರಡೂ ಕೈ ಕಾಣುತ್ತಿರಲಿ. ದನಿ ಕೀರಲು ಮಾಡಬೇಡಿ, ಒಂದೇ ಗಂಟೆಯಲ್ಲಿ ಗಂಟಲು ಕಟ್ಟುತ್ತೆ. ಸಹಜ ದನಿಯಲ್ಲೇ ನಿಧಾನವಾಗಿ, ವಾಕ್ಯದ ಕೊನೆ ನುಂಗದೆ ಮಾತಾಡಿ. "ನೀನು ನಿಜವಾದ ರಾಜಕುಮಾರಿನಾ?" ಅಂತ ಕೇಳಿಯೇ ಕೇಳ್ತಾರೆ. ವಾದಿಸಬೇಡಿ, "ನಿನ್ನ ರಾಜ್ಯ ಯಾವ ಕಡೆ?" ಅಂತ ತಿರುಗಿ ಕೇಳಿ.

ಮಿಣುಕುಹುಳ:
ಕೊನೆಯದು. ಗಾಜಿನಂಥ ಪಾರದರ್ಶಕ ಶೂ ತಗೊಳ್ಳಲಾ?

ತೆರೆಮರೆ:
ಆ ಪ್ಲಾಸ್ಟಿಕ್ ಉಸಿರಾಡುವುದಿಲ್ಲ. ಸ್ವಲ್ಪ ಹೊತ್ತಿಗೇ ಬೆವರಿನ ಹಬೆ ಕಟ್ಟಿ ಮಂಜು ಕವಿದ ಕಿಟಕಿಯಂತಾಗುತ್ತೆ, ಹಿಮ್ಮಡಿಗೆ ಬೊಬ್ಬೆ ಬೇರೆ.

ಹಳೇಪುಟ:
ಗ್ರಿಮ್ ಸಹೋದರರು ಹೇಳಿದ ರೂಪದಲ್ಲಿ ಆ ಪಾದರಕ್ಷೆ ಚಿನ್ನದ್ದು. ಹೊಂಬಣ್ಣದ ಬಟ್ಟೆ ಶೂ ಹಾಕಿ, ಕಥೆಗೆ ಮೋಸವಾಗುವುದಿಲ್ಲ.

ಸೂಜಿದಾರ:
ಹಿಮ್ಮಡಿ 3ರಿಂದ 5 ಸೆಂ.ಮೀ. ಯಾವುದೇ ಆಗಲಿ, ಈ ವಾರವೇ ತೀರ್ಮಾನಿಸಿ. ಲಂಗದ ಉದ್ದ 105 ಸೆಂ.ಮೀ. ಅಂದುಕೊಂಡರೆ ಪೂರ್ಣ ವೃತ್ತದ ಅಂಚು 7.3 ಮೀಟರ್. ಆಮೇಲೆ ಶೂ ಬದಲಾಯಿಸಿದರೆ ಅಷ್ಟನ್ನೂ ಬಿಚ್ಚಿ ಮತ್ತೆ ಹೊಲಿಯಬೇಕು.